‘ಸೇಕ್ರೆಡ್’ ಎಂಬ ಪದ, ಒಂದು ತಂಬಿಗೆ ನೀರು

ವಕೀಲರ ಕಚೇರಿಗಳಲ್ಲಿ ಭಾಷಾಂತರದ ಕೆಲಸಕ್ಕೆ ಸೇರುವವರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ನಿಘಂಟು ಕೊಳ್ಳಬೇಕು ಎಂದು ಕೇಳುತ್ತಾರೆ. ಯಾವುದನ್ನು ಕೊಂಡರೂ ನೆಮ್ಮದಿ ಸಿಗುವುದಿಲ್ಲ ಎಂದು ಹೇಳಬೇಕೆನಿಸುತ್ತದೆ; ಹೇಳದೆ ಕಾಫಿ ಕೊಟ್ಟು ಕಳುಹಿಸುತ್ತೇನೆ. ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂದು ಎಚ್ಚರಿಕೆ: ಈ ಬರಹದಲ್ಲಿ ಎಲ್ಲಾದರೂ ಸಂಗತಿಗಳು ತೀರಾ ಚೆನ್ನಾಗಿ ಹೊಂದಿಕೊಂಡು ಬಂದರೆ ಅಲ್ಲಿ ನನ್ನನ್ನು ನಂಬಬೇಡಿ. ನೆನಪು ಇಸ್ತ್ರಿ ಮಾಡಿಕೊಂಡೇ ಬರುತ್ತದೆ. ನನ್ನ ಕೆಲಸ ನಡೆದದ್ದೆಲ್ಲ ಸುಕ್ಕುಗಳಲ್ಲಿ.

ಕೆಲಸ ಇಷ್ಟೇ. ತಾಲ್ಲೂಕಿನ ಜನ ಕನ್ನಡದಲ್ಲಿ ಜಗಳವಾಡುತ್ತಾರೆ, ಕನ್ನಡದಲ್ಲಿ ದೂರು ಕೊಡುತ್ತಾರೆ. ಅದು ಹೈಕೋರ್ಟಿಗೆ ಹೋಗಬೇಕಾದರೆ ಇಂಗ್ಲಿಷಾಗಬೇಕು. ಅಲ್ಲಿಂದ ಬರುವ ಇಂಗ್ಲಿಷು ಮತ್ತೆ ಕನ್ನಡವಾಗಿ ಕಕ್ಷಿದಾರನ ಕಿವಿಗೆ ಬೀಳಬೇಕು. ನಡುವೆ ಕೂತವಳು ನಾನು. ಮೊದಲು ನಂಜನಗೂಡಿನಲ್ಲಿ ಟೈಪ್‌ರೈಟರ್ ಮುಂದೆ, ನಾಲ್ಕು ಹಾಳೆಗಳ ನಡುವೆ ಕಾರ್ಬನ್ ಜೋಡಿಸಿಕೊಂಡು, ಆಮೇಲೆ ಟಿ. ನರಸೀಪುರದ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ. ಕಾರ್ಬನ್ ಕಾಲದಲ್ಲಿ ಒಂದು ಪದ ತಪ್ಪಾದರೆ ನಾಲ್ಕೂ ಪ್ರತಿಯಲ್ಲಿ ಉಜ್ಜಬೇಕಿತ್ತು. ಆ ಭಯಕ್ಕೆ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಈಗ ಫೋನಿಗೆ ಮಾತು ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಭಾಷಾಂತರ ಬರುತ್ತದೆ. ತಪ್ಪಿರಬಹುದು, ಸರಿಯಿರಬಹುದು, ನಿಲ್ಲುವುದಂತೂ ಇಲ್ಲ. ನನಗೆ ಅದೇ ದಿಗಿಲು.

ನಮ್ಮ ವಕೀಲರು ಮಹದೇವಸ್ವಾಮಿ. ಸದಾ ಬಾಯಲ್ಲಿ ಲವಂಗ. ಸಿಟ್ಟು ಬಂದರೆ ಲವಂಗ ಕಚ್ಚುವ ಸದ್ದು ಕೇಳುತ್ತಿತ್ತು. ಅವರು ಒಳ್ಳೆಯವರೋ ಅಲ್ಲವೋ ಇಷ್ಟು ವರ್ಷವಾದರೂ ನನಗೆ ತೀರ್ಮಾನವಾಗಿಲ್ಲ. ತಗಡೂರು ಕಡೆಯ ನಮ್ಮ ಬೀದಿಯಿಂದ ಬಂದ ಹೆಣ್ಣುಮಗಳನ್ನು, ಬುದ್ಧನ ಪಟ ಇಟ್ಟುಕೊಂಡ ಮನೆಯವಳನ್ನು, ಯಾವ ಪ್ರಶ್ನೆಯೂ ಇಲ್ಲದೆ ಕುರ್ಚಿಯಲ್ಲಿ ಕೂರಿಸಿದರು. ಹಾಗೆಯೇ, ತಪ್ಪು ಮಾಡಿದಾಗ ಕಕ್ಷಿದಾರರ ಎದುರಿಗೇ ಕುರ್ಚಿ ನಡುಗುವ ಹಾಗೆ ಬೈದರು.

ಒಂದು ಸಲ ತಾಂಡವಪುರದ ಇಬ್ಬರು ಅಕ್ಕತಂಗಿಯರ ಪಾಲಿನ ಮೊಕದ್ದಮೆ. ಹಳೆಯ ಪತ್ರದಲ್ಲಿ ಹಿತ್ತಲಿನ ಬಾವಿಯನ್ನು ‘ದೇವರ ಬಾವಿ’ ಎಂದು ಬರೆದಿತ್ತು. ನಾನು ‘ಸೇಕ್ರೆಡ್ ವೆಲ್’ ಎಂದು ಹೊಡೆದೆ. ಎದುರು ವಕೀಲರು ಅದನ್ನೇ ಹಿಡಿದುಕೊಂಡು, ಬಾವಿ ದೇವರಿಗೆ ಸೇರಿದ್ದು, ಪಾಲು ಮಾಡಲಾಗದು ಎಂದು ವಾದಿಸಿದರು. ನಿಜವೆಂದರೆ ಆ ಮನೆಯವರು ಬೆಳಗಿನ ಮೊದಲ ಕೊಡ ದೇವರ ಪೂಜೆಗೆ ಸೇದುತ್ತಿದ್ದರು, ಆಮೇಲೆ ಅದೇ ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದರು. ತಂಗಿ ನಮ್ಮ ಕಚೇರಿಗೆ ಬಂದು, “ಅಲ್ಲ ಕಣಮ್ಮ, ನಮ್ ಬಾವಿನ ಇಂಗ್ಲಿಷ್ನೋರ್ಗೆ ಎಂಗೆ ಏಳ್ದೆ ನೀನು? ಈಗ ಅಲ್ಲಿ ಚಡ್ಡಿ ಒಗೀಬೈದಾ ಬ್ಯಾಡ್ವಾ?” ಎಂದಳು. ಕೂತವರೆಲ್ಲ ನಕ್ಕರು. ಮಹದೇವಸ್ವಾಮಿಯವರು ನಗಲಿಲ್ಲ. ಲವಂಗ ಕಚ್ಚಿದ ಸದ್ದು ಕೇಳಿಸಿತು.

“ಆ ಪದದ ಹೊಟ್ಟೇಲಿ ಏನಿದೆ ಅಂತ ನೋಡಿದ್ದೀರೇನ್ರೀ ನಾಗರತ್ನ?”

ಬೀರುವಿನ ಮೇಲಿದ್ದ ದಪ್ಪ ಇಂಗ್ಲಿಷ್ ನಿಘಂಟನ್ನು ಇಳಿಸಿ ನನ್ನ ಮುಂದಿಟ್ಟು ಹೋದರು.

ಸೇಕ್ರೆಡ್. ನಾನು ಅದುವರೆಗೆ ‘ಪವಿತ್ರ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಪವಿತ್ರದ ಬೇರಿನಲ್ಲಿರುವುದು ಶುದ್ಧಿ, ತೊಳೆಯುವುದು, ಸೋಸುವುದು. ಈ ಪದದಲ್ಲಿ ತೊಳೆಯುವುದು ಇರಲೇ ಇಲ್ಲ. ಇಂಗ್ಲಿಷಿನಲ್ಲಿ ಹಿಂದೆ ಒಂದು ಕ್ರಿಯಾಪದವಿತ್ತಂತೆ, ದೇವರಿಗೆ ಅರ್ಪಿಸು ಎಂಬ ಅರ್ಥದ್ದು, ಈಗ ಬಳಕೆಯಲ್ಲಿಲ್ಲ. ಸೇಕ್ರೆಡ್ ಎಂದರೆ ಹಾಗೆ ಅರ್ಪಿಸಲ್ಪಟ್ಟದ್ದು. ಅಂದರೆ ಅದು ವಸ್ತುವಿನ ಗುಣವಲ್ಲ. ಯಾರೋ, ಯಾವಾಗಲೋ ಮಾಡಿದ ಒಂದು ಕೆಲಸ. ಅದರ ಹಿಂದೆ ಲ್ಯಾಟಿನ್ನಿನ ‘ಸಾಕೆರ್’: ದೇವರಿಗೆಂದು ಬೇರೆ ಇಟ್ಟದ್ದು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಹಳೆಯ ರೋಮಿನಲ್ಲಿ ಕೆಲವು ಅಪರಾಧಿಗಳನ್ನೂ ಅದೇ ಪದದಿಂದ ಕರೆಯುತ್ತಿದ್ದರಂತೆ. ಹಾಗೆ ಕರೆಸಿಕೊಂಡವನು ಊರಿಗೆ ಸೇರಿದವನಲ್ಲ. ಅವನನ್ನು ಯಾರು ಕೊಂದರೂ ಕೇಳುವವರಿಲ್ಲ.

ಬೇರೆ ಇಟ್ಟದ್ದು. ನಾನು ನಿಘಂಟು ಮುಚ್ಚಿದೆ. ನಮ್ಮ ತಾತನ ಬೀದಿಯನ್ನೂ ಊರಿನಿಂದ ಬೇರೆ ಇಟ್ಟಿದ್ದರು.

ಸಂಜೆ ಮಹದೇವಸ್ವಾಮಿಯವರು ಕೇಳಿದರು, “ಸಿಕ್ಕಿತಾ? ಕನ್ನಡದಲ್ಲಿ ಏನಂತೀರಿ?”

“ಮೀಸಲು ಸರ್.”

ಅವರು ಹುಬ್ಬೇರಿಸಿದರು. ನಮ್ಮಲ್ಲಿ ಹಸು ಕರು ಹಾಕಿದ ಮೇಲೆ ದೇವರಿಗೆಂದು ಹಾಲನ್ನು ಬೇರೆ ಎತ್ತಿಡುತ್ತಾರಲ್ಲ, ಮೀಸಲು ಹಾಲು. ಹಾಲು ಅದೇ ಹಾಲು. ಎತ್ತಿಟ್ಟ ಗಳಿಗೆಯಿಂದ ಮೀಸಲು. ದೇವರಿಗೆ ಸಲ್ಲಿಸಿದ ಮೇಲೆ ಮೀಸಲು ಮುಗಿಯಿತು, ಉಳಿದದ್ದನ್ನು ಮಕ್ಕಳು ಕುಡಿಯಬಹುದು. ಹೀಗೆ ಏನೋ ಹೇಳಿದೆ. ಅಷ್ಟು ಚೆನ್ನಾಗಿ ಹೇಳಿದೆನೋ ಇಲ್ಲವೋ ಅನುಮಾನ, ಬಹುಶಃ ತೊದಲಿರಬೇಕು. ಅವರು “ಹೂಂ” ಎಂದದ್ದು ಮಾತ್ರ ಖಚಿತ.

ನಾನು ನಿವೃತ್ತಳಾಗುವ ಹೊತ್ತಿಗೆ ಆ ಪದ ಮತ್ತೆ ಬಂತು. ಈ ಸಲ ಬಾವಿಯ ಪ್ರಶ್ನೆಯಲ್ಲ, ಒಬ್ಬ ಮನುಷ್ಯನ ಅನ್ನದ ಪ್ರಶ್ನೆ.

ಸಿದ್ದರಾಜು ಕವಲಂದೆಯ ಆಚೆಗಿನ ಒಂದು ಸಣ್ಣ ಊರಿನವನು. ನಲವತ್ತರ ಆಸುಪಾಸು, ಬಾಡಿಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಬೌದ್ಧ ಕುಟುಂಬ, ನಮ್ಮ ಹಾಗೆಯೇ. ಬಹಳ ಕಾಲ ಕಾದ ಮೇಲೆ ಅವನಿಗೆ ಸರ್ಕಾರಿ ಚಾಲಕನ ಕೆಲಸ ಸಿಕ್ಕಿತ್ತು. ಪೊಲೀಸ್ ಪರಿಶೀಲನೆ ಒಂದೇ ಬಾಕಿ. ಅಷ್ಟರಲ್ಲಿ ಅವನ ಮೇಲೆ ಕ್ರಿಮಿನಲ್ ಕೇಸು ಬಿತ್ತು: ಒಂದು ವರ್ಗದ ಜನ ಸೇಕ್ರೆಡ್ ಎಂದು ಭಾವಿಸಿದ ವಸ್ತುವನ್ನು ಅವಮಾನಿಸಿ ಹಾಳು ಮಾಡಿದ ಆರೋಪ. ಕೇಸು ರದ್ದಾಗದಿದ್ದರೆ ಕೆಲಸವಿಲ್ಲ.

ನರಸೀಪುರದ ಕಚೇರಿಯಲ್ಲಿ ಅವನು ಫೋನು ಮುಂದೆ ಹಿಡಿದ. ವಿಡಿಯೊದಲ್ಲಿ ಅವನು ಟ್ರೇಲರಿನ ಮೇಲೆ ನಿಂತು ಮುರಿದ ಬಸವನ ಕಲ್ಲನ್ನು ಕಾಲಿನಿಂದ ನೂಕುತ್ತಿದ್ದ. ಕಲ್ಲು ಹೊಳೆಗೆ ಬೀಳುತ್ತಿತ್ತು. ಮತ್ತೆ ಬೀಳುತ್ತಿತ್ತು, ಮತ್ತೆ. ವಿಡಿಯೊ ತನ್ನಷ್ಟಕ್ಕೆ ಸುತ್ತುತ್ತಿತ್ತು.

“ಒದ್ದಿಲ್ಲ ಸಾ. ಕಾಲ್ ಕೊಟ್ಟೆ. ಕಾಲ್ ಕೊಡ್ದೆ ಓಗಿದ್ರೆ ನಾನೂ ಕಲ್ ಜೊತೇಲೆ ನೀರಿಗ್ ಬೀಳ್ತಿದ್ದೆ.”

“ಪೂಜೆ ಮಾಡೋ ಗುರುಮಲ್ಲಪ್ಪ ಎಲ್ಲಿದ್ದ?” ಎಂದರು ಮಹದೇವಸ್ವಾಮಿ.

“ದಡದ್ ಮ್ಯಾಲೆ ಸಾ, ಕೈ ಮುಗ್ಕಂಡು. ಅವ್ರು ಫೋನ್ನಲ್ಲಿ ಬಂದೇ ಇಲ್ಲ.”

ನಡೆದದ್ದು ಇಷ್ಟು. ಊರ ಬದಿಯ ಹುಣಸೆ ಮರದ ಕೊಂಬೆ ಗಾಳಿಗೆ ಮುರಿದು ಕೆಳಗಿದ್ದ ಬಸವನ ಕಲ್ಲಿನ ಮೇಲೆ ಬಿದ್ದು ಕತ್ತು ಹೋಯಿತು. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ. ಹರಿಯುವ ನೀರಿಗೆ ಬಿಡಬೇಕು. ಬಿಡುವ ಮೊದಲು ಅದರ ಶಕ್ತಿಯನ್ನು ಒಂದು ತಂಬಿಗೆ ನೀರಿಗೆ ಇಳಿಸಿಕೊಳ್ಳಬೇಕು. ಹೊಸ ಕಲ್ಲು ಬರುವ ತನಕ ಬಸವ ಆ ನೀರಿನಲ್ಲಿರುತ್ತಾನೆ. ತಲೆತಲಾಂತರದಿಂದ ಆ ಕಲ್ಲಿಗೆ ಪೂಜೆ ಮಾಡುತ್ತಿದ್ದ ಲಿಂಗಾಯತ ರೈತ ಗುರುಮಲ್ಲಪ್ಪನವರೇ ಶಕ್ತಿ ಇಳಿಸಿದ್ದರು, ಸಿದ್ದರಾಜನ ಟ್ರ್ಯಾಕ್ಟರ್ ಕರೆಸಿದ್ದರು, ನರಸೀಪುರದ ಸಂಗಮಕ್ಕೆ ಬಿಡಿಸಿದ್ದರು. ದೂರು ಕೊಟ್ಟವನು ಅವರ ದಾಯಾದಿ ಶಿವಬಸಪ್ಪ. ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಆದರೂ ದೂರಿನಲ್ಲಿ ಗುರುಮಲ್ಲಪ್ಪನವರ ಹೆಸರಿರಲಿಲ್ಲ. ಸಿದ್ದರಾಜನ ಕಾಲು ಮಾತ್ರ ಇತ್ತು.

“ಹೈಕೋರ್ಟಿಗೆ ಹೋಗೋಣ,” ಎಂದರು ಮಹದೇವಸ್ವಾಮಿ. “ನೀರಿಗೆ ಬಿಟ್ಟಾಗ ಅದು ಬರೀ ಕಲ್ಲು. ನಾಗರತ್ನ, ನಿಮ್ಮ ಮೀಸಲು ಹಾಲು ಈಗ ಕೆಲಸಕ್ಕೆ ಬಂತು. ಗುರುಮಲ್ಲಪ್ಪನ ಪ್ರಮಾಣಪತ್ರ ಬರಕೊಂಡು ಬನ್ನಿ. ತಂಬಿಗೆ ಕಣ್ಣಾರೆ ನೋಡಿ ಬರೀರಿ.”

ಗುರುಮಲ್ಲಪ್ಪನವರ ಜಗುಲಿಯಲ್ಲಿ ಎಲ್ಲ ಸಲೀಸಾಗಿ ಬಂತು. ಕೊಂಬೆ, ಕತ್ತು, ಮಂತ್ರ, ಹೊಳೆ. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. “ತಂಬಿಗೆ ತೋರಿಸಿ ಅಪ್ಪಾವ್ರೆ” ಎಂದೆ. ಅವರು ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಬೆವರಿರಲಿಲ್ಲ.

“ಈಗ ಇಲ್ಲಿಲ್ಲ ಕಣಮ್ಮ.”

“ಎಲ್ಲಿದೆ?”

“ನಮ್ ಅತ್ಗೆ ತೀರ್ಕಂಡ್ರಲ್ಲ, ಸೂತ್ಕ ಬಂತು.” ದನಿ ಇಳಿಸಿ ಅಡುಗೆಮನೆಯ ಕಡೆ ಗಲ್ಲ ಎತ್ತಿದರು. “ನಮ್ಗೆ ಸೂತ್ಕ ಇಲ್ಲಾಂತ ಮಠದ್ ಬುದ್ಧಿಯೋರು ಏಳ್ತಾರೆ. ಮನೆ ಬುದ್ಧಿಯೋರು ಕೇಳ್ಬೇಕಲ್ಲ!”

ಒಳಗಿನಿಂದ ಹೆಂಡತಿಯ ದನಿ: “ನಂಗೆಲ್ಲಾ ಕೇಳ್ತದೆ!”

“ಕೇಳ್ಸ್ಕೊ, ಕೇಳ್ಸ್ಕೊ. ಬಸಪ್ಪನ್ನ ಸೂತ್ಕದ್ ಮನೇಲಿ ಇಟ್ಕಳಂಗಿಲ್ಲ ಅಂತ ನೀನೇ ತಾನೆ ಕುಣ್ದಿದ್ದು.” ಮತ್ತೆ ನನ್ನ ಕಡೆ ತಿರುಗಿದರು. “ಅಣ್ತಮ್ಮಂದ್ರ ಮನೆಗೆಲ್ಲಾ ಅದೇ ಸೂತ್ಕ. ಇರೋ ಬಾಕಿ ಮನೆಯೋರೆಲ್ಲಾ ನಂಟ್ರು, ಅವತ್ತು ಎಣದ್ ಮುಂದೆ ಕುಂತಿದ್ರು. ಆಗ ಸಿದ್ರಾಜನವ್ವ ಇತ್ಲಲ್ಲಿ ನಿಂತಿದ್ಲು. ಅವ್ರಿಗೆ ಸೂತ್ಕ ಅನ್ನೋದೇ ಇಲ್ವಲ್ಲ. ಇತ್ಲ ಬಾಗ್ಲಲ್ಲಿ ಕೊಟ್ಬುಟ್ಟೆ.”

“ಸೂತಕ ಕಳೆದ ಮೇಲೆ ತರಲಿಲ್ಲವಾ?”

“ಅಷ್ಟ್ರಲ್ಲಿ ಶಿವಬಸಪ್ಪ ಕೇಸ್ ಆಕ್ಸಿದ್ನಲ್ಲ. ಈಗ ಆ ಬೀದಿಗೋಗಿ ಎತ್ಕೊಂಡ್ ಬಂದ್ರೆ ಯಾರಾದ್ರೂ ನೋಡ್ದೆ ಇರ್ತಾರಾ? ಬಸಪ್ಪನ್ನ ಅಲ್ಲಿ ಇಟ್ಟಿದ್ನಾ ಅಂದ್ಬುಟ್ರೆ ನಾನೆಲ್ಲಿಗೋಗ್ಲಿ?”

ಯಾರ ಮೇಲೆ ದೇವರನ್ನು ಒದ್ದ ಕೇಸಿತ್ತೋ, ಆ ದೇವರು ಅವನ ಮನೆಯಲ್ಲೇ ಇದ್ದ. ನನ್ನ ಪೆನ್ನು ನಿಂತಿತು. ಕಾರ್ಬನ್ ಕಾಲದ ಹಾಗೆ.

ಸಿದ್ದರಾಜನ ತಾಯಿ ಚಿಕ್ಕತಾಯಮ್ಮ ಬಾಗಿಲಲ್ಲೇ ನನ್ನನ್ನು ಅಳೆದು ನೋಡಿದರು. ಯಾವ ಊರು, ಯಾರ ಮಗಳು ಎಂದು ತಿಳಿದ ಮೇಲೆ ಒಳಗೆ ಕರೆದರು. ಬುದ್ಧನ ಪಟದ ಕೆಳಗೆ ಮಣೆ, ಮಣೆಯ ಮೇಲೆ ತಾಮ್ರದ ತಂಬಿಗೆ, ಬಾಯಿಗೆ ತಟ್ಟೆ, ಪಕ್ಕದಲ್ಲಿ ದೀಪ. ತಂಬಿಗೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಹೊಸದರ ಹಾಗೆ ಮಾಡಿದ್ದರು.

“ನಿಮಗೆ ಇದರಲ್ಲಿ ನಂಬಿಕೆ ಇದೆಯಾ ಅವ್ವ?”

“ನಂಗ್ಯಾಕಿದ್ದದು? ನಂಬ್ಕಂಡಿರೋರು ಕೊಟ್ಟವ್ರೆ. ನೋಡ್ಕಬೇಕಲ್ಲ.” ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದರು. “ಒಂದ್ ಮಾತು. ನೀರು ಕಮ್ಮಿ ಆಯ್ತಾ ಬತ್ತದೆ ಕಣವ್ವ. ಬತ್ತೋದ್ರೆ ಏನ್ ಗತಿ ಅಂತ ನಮ್ ಬೀದಿ ನಲ್ಲಿ ನೀರ್ನೇ ಒಸಿ ಒಸಿ ಆಕ್ತಾ ಇವ್ನಿ. ತಪ್ಪಾ?”

ನನಗೆ ಗೊತ್ತಿಲ್ಲ ಎಂದೆ. ಅದು ನಿಜ.

ಮಹದೇವಸ್ವಾಮಿಯವರಿಗೆ ಹೇಳಿದಾಗ ಅವರು ಎದ್ದು ನಿಂತರು. “ಇದನ್ನ ಬರೆದರೆ ಕೇಸು ಬಿದ್ದುಹೋದ ಹಾಗೇ! ಪೂಜೆಯವನೇ ದೇವರನ್ನ ಆರೋಪಿ ಮನೇಲಿ ಇಟ್ಟಿದ್ದಾನೆ. ಅವಮಾನದ ಉದ್ದೇಶ ಎಲ್ಲಿ ಬಂತು?”

“ಬರೆದರೆ ಆ ಬೀದಿಗೆ ಏನಾಗುತ್ತೆ ಸರ್?”

ಲವಂಗದ ಸದ್ದು ಬರಲಿಲ್ಲ. ಅವರು ಮತ್ತೆ ಕೂತರು. ಪ್ರಮಾಣಪತ್ರ ಹೈಕೋರ್ಟಿಗೆ ಸಲ್ಲಿಕೆಯಾದರೆ ಅದರ ಒಂದು ಪ್ರತಿ ಶಿವಬಸಪ್ಪನ ಕೈಗೆ ಹೋಗುತ್ತದೆ. ಅವನ ಕೈಗೆ ಹೋದದ್ದು ಊರಿಗೆ ಹೋಗುತ್ತದೆ. ಬರೆಯದಿದ್ದರೆ ಸಿದ್ದರಾಜನ ಕೆಲಸ ಹೋಗುತ್ತದೆ. ನಾನು ಎರಡು ಪ್ರತಿ ಸಿದ್ಧ ಮಾಡಿದೆ, ತಂಬಿಗೆ ಎಲ್ಲಿದೆ ಎಂದು ಹೇಳುವ ಒಂದು, ಹೇಳದ ಒಂದು. ಎರಡನ್ನೂ ಚೀಲದಲ್ಲಿಟ್ಟುಕೊಂಡು ನಂಜನಗೂಡು–ನರಸೀಪುರ ಬಸ್ಸಿನಲ್ಲಿ ಓಡಾಡಿದೆ. ಆ ದಿನಗಳಲ್ಲಿ ಚೀಲವನ್ನು ಯಾವಾಗಲೂ ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತವರು ಒಳಗೆ ಮೊಟ್ಟೆ ಇದೆಯಾ ಎಂದು ಕೇಳಿದ್ದುಂಟು.

ಕೊನೆಗೆ ಎಲ್ಲರನ್ನೂ ಕಚೇರಿಗೆ ಕರೆಸಲಾಯಿತು. ಗುರುಮಲ್ಲಪ್ಪನವರು ಬೆಂಚಿನ ಒಂದು ತುದಿಯಲ್ಲಿ, ಚಿಕ್ಕತಾಯಮ್ಮ ಇನ್ನೊಂದು ತುದಿಯಲ್ಲಿ. ಸಿದ್ದರಾಜು ನಿಂತೇ ಇದ್ದ.

“ಯಾರ್ಗೂ ಗೊತ್ತಾಗ್ದಂಗೆ ತಂಬ್ಗೆ ವಾಪಸ್ ಕೊಟ್ಬುಡನ ಅವ್ವ,” ಎಂದ ಅವನು. “ಕಾಗ್ದದಲ್ಲಿ ಬರೀದೇನೇ ಲಾಯರ್ ಸಾರು ವಾದ ಮಾಡ್ಲಿ.”

“ಕೊಡಲ್ಲ,” ಎಂದರು ಚಿಕ್ಕತಾಯಮ್ಮ.

“ಏನಂದೆ?” ಎಂದ ಸಿದ್ದರಾಜು.

“ಇತ್ಲ ಬಾಗ್ಲಲ್ಲಿ ಕೊಟ್ರು, ಈಸ್ಕಂಡೆ. ಸಾವಿನ್ ಮನೆ, ಮಾತಾಡ್ಬಾರ್ದು ಅಂತ. ತಕ್ಕೊಂಡೋಗೋವಾಗ ಮುಂದ್ಲ ಬಾಗ್ಲಲ್ಲಿ ಬರ್ಲಿ. ಅಗಲೊತ್ತಲ್ಲಿ ಬರ್ಲಿ. ಇಲ್ದಿದ್ರೆ ಅಲ್ಲೇ ಇರ್ಲಿ ಬಸಪ್ಪ, ನಂಗೇನ್ ಭಾರ ಆಗಿಲ್ಲ.”

“ನನ್ ಕೆಲ್ಸ ಓಯ್ತದೆ ಕಣವ್ವ!” ಸಿದ್ದರಾಜನ ಕಣ್ಣು ಕೆಂಪಾಗಿತ್ತು.

“ಓಯ್ತದೆ ಅಂತ ನಂಗೂ ಗೊತ್ತು ಕಣ್ಲಾ.” ಅವರು ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದರು. “ಕೇಸ್ನಾಗೆ ಇಂಗ್ಲಿಷ್ ಮಾತು ಒಂದೈತಂತಲ್ಲ, ಏನಂಗಂದ್ರೆ?”

“ಬೇರೆ ಎತ್ತಿಟ್ಟದ್ದು ಅಂತ ಅವ್ವ.”

“ಬ್ಯಾರೆ ಇಡೋದು ನಮ್ಗೊತ್ತು ಬುಡು.” ಅವರು ಸೆರಗು ಸರಿಮಾಡಿಕೊಂಡು ಎದ್ದರು. “ಒಳ್ಗಡೆ ಇಟ್ಕಳಾದಕ್ಕೆ ಏನಾದ್ರೂ ಮಾತದಾ ಅವ್ರತ್ರ?”

ಆ ದಿನ ಏನೂ ತೀರ್ಮಾನವಾಗಲಿಲ್ಲ. ಮುಂದಿನ ಕೆಲವು ವಾರ ನಾನು ಫೋನು ಬಡಿದುಕೊಂಡಾಗಲೆಲ್ಲ ಬೆಚ್ಚುತ್ತಿದ್ದೆ.

ಹೊಸ ಕಲ್ಲು ಬಂತು. ಸ್ಥಾಪನೆಯ ಬೆಳಿಗ್ಗೆ ಮಹದೇವಸ್ವಾಮಿಯವರು ನನ್ನನ್ನೂ ಕಳುಹಿಸಿದರು. ಗುರುಮಲ್ಲಪ್ಪನವರು ಮಡಿಯುಟ್ಟು, ವಿಭೂತಿ ಹಚ್ಚಿಕೊಂಡು, ಹೆಂಡತಿಯನ್ನು ಕರೆದುಕೊಂಡು ಊರ ನಡುಬೀದಿಯಲ್ಲಿ ನಡೆದರು. ಹುಣಸೆ ಮರದ ಕಡೆಗಲ್ಲ, ಸಿದ್ದರಾಜನ ಬೀದಿಯ ಕಡೆಗೆ. ಜನ ಮಾತು ನಿಲ್ಲಿಸಿ ನೋಡಿದರು. ಸಿದ್ದರಾಜನ ಮನೆಯ ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆ ಬಾಗಿಲಿಗೆ ತಗುಲದ ಹಾಗೆ ಬಗ್ಗಿ ಒಳಗೆ ಹೋದರು. ಹೊರಗೆ ಬಂದಾಗ ತಂಬಿಗೆ ಹೆಂಡತಿಯ ತಲೆಯ ಮೇಲಿತ್ತು. ಆ ಹೆಂಗಸಿನ ಮುಖ ಬಿಳಿಚಿಕೊಂಡಿತ್ತು. ಕೈ ಮಾತ್ರ ಅಲುಗಲಿಲ್ಲ.

ಮರದ ಬುಡದಲ್ಲಿ ಶಿವಬಸಪ್ಪ ನಿಂತಿದ್ದ. ಎಷ್ಟೋ ವರ್ಷಗಳ ಮೇಲೆ ದಾಯಾದಿಯ ಜೊತೆ ಮಾತಾಡಿದ.

“ಎಲ್ಲಿಂದ ಬತ್ತಾ ಅದೆ ಅದು?”

“ಸಿದ್ರಾಜನ ಮನೆಯಿಂದ.”

“ಅಲ್ಲಿಗ್ ಎಂಗೋಯ್ತು?”

“ನಾನೇ ಕೊಟ್ಟಿದ್ದೆ. ಅತ್ಗೆ ಸತ್ತಾಗ. ನಂಗೂ ಸೂತ್ಕ, ನಿಂಗೂ ಸೂತ್ಕ.”

“ಬಸಪ್ಪನ್ನ ಒತ್ಕಂಡೋಗಿ ಅಲ್ಲಿಟ್ಟಿದ್ದಾ ನೀನು?”

ಗುರುಮಲ್ಲಪ್ಪನವರು ತಂಬಿಗೆಯನ್ನು ಕೈಗೆ ತೆಗೆದುಕೊಂಡರು. “ಇಟ್ಟಿದ್ದೆ. ಈಗ ನೀನೇ ಏಳು. ಇದ್ರಲ್ಲಿ ಬಸಪ್ಪ ಅವ್ನೋ ಇಲ್ವೋ? ಇಲ್ಲಾ ಅಂದ್ರೆ ಈ ನೀರ್ನ ಇಲ್ಲೇ ಚೆಲ್ಬುಡ್ತೀನಿ. ಕಲ್ಲು ಬರೀ ಕಲ್ಲಾಗೇ ನಿಂತ್ಕಳ್ಳಿ. ಅವ್ನೆ ಅಂದ್ರೆ, ಇಷ್ಟ್ ದಿನ ಎಲ್ಲಿದ್ನೋ ಅಲ್ಲೂ ಅವ್ನೇ ಇದ್ದ.”

ತಂಬಿಗೆ ವಾಲಿತು. ಬೇಕೆಂದೇ ವಾಲಿಸಿದರೋ, ಕೈ ಜಾರಿತೋ ನನಗೆ ತಿಳಿಯದು. ಹಿಂದಿನಿಂದ ಒಬ್ಬ ಮುದುಕಿ ಚೀರಿದಳು: “ಚೆಲ್ಬ್ಯಾಡ ಕಣ್ಲಾ, ಅಯ್ಯೋ, ಚೆಲ್ಬ್ಯಾಡ!”

ಶಿವಬಸಪ್ಪ ಪಕ್ಕಕ್ಕೆ ಸರಿದ. ನೀರು ಹೊಸ ಕಲ್ಲಿನ ತಲೆಯಿಂದ ಬೆನ್ನಿಗೆ, ಬೆನ್ನಿನಿಂದ ಮಣ್ಣಿಗೆ ಇಳಿಯಿತು. ಅದರಲ್ಲಿ ಬಹುಪಾಲು ಯಾವ ನಲ್ಲಿಯದು ಎಂದು ಅಲ್ಲಿ ನಿಂತವರಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಮುಂದಿನದು ಕಾಗದದಲ್ಲಿದೆ. ತಂಬಿಗೆ ಎಲ್ಲಿತ್ತು ಎಂದು ಹೇಳುವ ಪ್ರತಿಗೆ ಗುರುಮಲ್ಲಪ್ಪನವರು ಸಹಿ ಹಾಕಿದರು. ಶಿವಬಸಪ್ಪನೂ ಕಚೇರಿಗೆ ಬಂದು, ಕೂರದೆ, ನೀರು ಕುಡಿಯದೆ, ಕೇಸು ಮುಂದುವರಿಸಲು ಇಷ್ಟವಿಲ್ಲವೆಂದು ಬರೆದುಕೊಟ್ಟ. ನಾನು ಎರಡನ್ನೂ ಇಂಗ್ಲಿಷ್ ಮಾಡಿದೆ. ಕೇಸು ರದ್ದಾಯಿತು. ಸಿದ್ದರಾಜು ಕೆಲಸಕ್ಕೆ ಸೇರಿದ. ಅದು ನಾನು ಮುಗಿಸಿದ ಕೊನೆಯ ಕಡತ.

ಇದನ್ನು ಹೇಳುವಾಗಲೆಲ್ಲ ನಾನು ಇನ್ನೊಂದು ಸಂಗತಿ ಸೇರಿಸುತ್ತಿದ್ದೆ: ಆ ಬೆಳಿಗ್ಗೆ ಶಿವಬಸಪ್ಪ ತೀರ್ಥ ತೆಗೆದುಕೊಂಡು ಕುಡಿದ ಎಂದು. ಕೇಳಿದವರಿಗೆ ಸಮಾಧಾನವಾಗುತ್ತಿತ್ತು. ಅದಕ್ಕೇ ನನಗೆ ಅನುಮಾನ ಹುಟ್ಟಿತು. ಕಲ್ಲಿನಿಂದ ಇಳಿಯುವಾಗ ತಂಬಿಗೆಯಲ್ಲಿ ಹಿಡಿದುಕೊಂಡ ನೀರನ್ನು ಉದ್ಧರಣೆಯಲ್ಲಿ ಹಂಚುತ್ತಾ ಗುರುಮಲ್ಲಪ್ಪನವರು ಅವನ ಮುಂದೆ ಬಂದದ್ದು ನಿಜ. ಅವನು ಅಂಗೈ ಒಡ್ಡಿದ್ದು ನಿಜ. ಆಮೇಲೆ ಕೈ ಮೇಲೆ ಹೋಯಿತು. ತುಟಿಗೆ ಹೋಯಿತೋ, ತುಟಿ ದಾಟಿ ನೇರ ತಲೆಗೆ ಸವರಿಕೊಂಡನೋ? ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ನನಗೆ ಕಂಡದ್ದು ಮೊಣಕೈ.

ಅವತ್ತೇ ಮಧ್ಯಾಹ್ನ ಸಿದ್ದರಾಜು ನನ್ನನ್ನು ಬಸ್ಸಿಗೆ ಬಿಡಲು ಕವಲಂದೆಯವರೆಗೆ ಬಂದ. ತೀರ್ಥ ಹಂಚುವಾಗ ಅವನು ಶಿವಬಸಪ್ಪನ ಎದುರಿಗೇ, ಜನರಿಂದ ಸ್ವಲ್ಪ ದೂರದಲ್ಲಿ ನಿಂತಿದ್ದ. ಅವನಿಗೆ ಕಂಡೇ ಇರಬೇಕು.

“ಕುಡಿದರಾ ಅವರು?” ಎಂದು ಕೇಳಿದೆ.

“ಗೊತ್ತಿಲ್ಲ ಮೇಡಂ. ತಲೆ ತಗ್ಗಿಸ್ಕಂಡಿದ್ದೆ.”

“ಯಾಕೆ? ನಿನ್ನ ಕೆಲಸವೇ ಅದರ ಮೇಲೆ ನಿಂತಿತ್ತಲ್ಲ.”

ಬಸ್ಸು ಬರುತ್ತಿತ್ತು. ಅವನು ನನ್ನ ಚೀಲ ಎತ್ತಿ ಕೊಟ್ಟ.

“ಕುಡೀದೆ ಇರೋದ್ನ ನೋಡ್ಬುಟ್ಟಿದ್ರೆ, ನಾಳಿಂದ ಅದೇ ಊರಲ್ಲಿ ಎಂಗಿರ್ಲಿ ಮೇಡಂ?”